ಒಂದೇ ತಾರೀಖಿನ ಸಂಗೀತಗಾರರು: ಆ ತಾರೀಖನ್ನು ಬರೆದವರು ಯಾರು?

[ದೃಶ್ಯ: ಬಾಂದ್ರಾದ ಮೌಂಟ್ ಮೇರಿ ಇಗರ್ಜಿಯ ಮೆಟ್ಟಿಲುಗಳು, ಮೇಣದ ಬತ್ತಿಯ ಅಂಗಡಿಗಳು]

ನಮಸ್ಕಾರ. ಸೆಪ್ಟೆಂಬರ್ 8 ಮಾತೆ ಮೇರಿಯ ಜನ್ಮದಿನ. ಮುಂಬಯಿಯಲ್ಲಿ ಅದರ ಬೆನ್ನಿಗೇ ಬಾಂದ್ರಾ ಜಾತ್ರೆ ನೆರೆಯುತ್ತದೆ. ಮಂಗಳೂರು ಕಡೆಯ ಕ್ರೈಸ್ತರು ಅದೇ ದಿನ ಹೊಸ ತೆನೆಯನ್ನು ಮನೆಗೆ ತಂದು ಮೊಂತಿ ಹಬ್ಬ ಮಾಡುತ್ತಾರೆ. ಡೊಂಬಿವಲಿಯ ವೀಕ್ಷಕರೊಬ್ಬರ ಪ್ರಶ್ನೆಯೂ ಈ ದಿನವನ್ನೇ ಕುರಿತದ್ದು. ಸಾಂಗ್ಲಿಯಲ್ಲಿ ಆಶಾ ಭೋಸ್ಲೆ ಹುಟ್ಟಿದ್ದು 1933ರ ಸೆಪ್ಟೆಂಬರ್ 8ರಂದು, ಅಸ್ಸಾಮಿನ ಸದಿಯಾದಲ್ಲಿ ಭೂಪೇನ್ ಹಜಾರಿಕಾ ಹುಟ್ಟಿದ್ದು 1926ರ ಸೆಪ್ಟೆಂಬರ್ 8ರಂದು, ಪ್ರಾಗ್ ನಗರದ ಸಮೀಪ ಆಂತೋನಿನ್ ದ್ವೋರ್ಜಾಕ್ ಹುಟ್ಟಿದ್ದು 1841ರ ಸೆಪ್ಟೆಂಬರ್ 8ರಂದು. ಹಾಗಾದರೆ ಈ ದಿನದಲ್ಲೇ ಸಂಗೀತದ ಯೋಗವೇನಾದರೂ ಇದೆಯೇ ಎಂಬುದು ಅವರ ಕುತೂಹಲ.

ಯೋಗದ ಮಾತನ್ನು ಗಣಿತ ಒಂದು ನಿಮಿಷದಲ್ಲಿ ಮುಗಿಸಿಬಿಡುತ್ತದೆ. ಒಂದು ಕೋಣೆಯಲ್ಲಿ 23 ಜನ ಸೇರಿದರೆ, ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಂಭವ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. 57 ಜನರಾದರೆ ಅದು ನೂರಕ್ಕೆ 99. ಕಾರಣ, 23 ಜನರಿಂದ 253 ಜೋಡಿಗಳಾಗುತ್ತವೆ. ನಿಮ್ಮದೇ ಹುಟ್ಟುಹಬ್ಬ ಇನ್ನೊಬ್ಬರದೂ ಆಗಿರಬೇಕೆಂದು ಹಟ ಹಿಡಿದರೆ ಮಾತ್ರ, ಅರ್ಧ ಸಂಭವಕ್ಕೇ ಬೇರೆ 253 ಜನ ಬೇಕು. ಜಗತ್ತಿನ ಹೆಸರಾಂತ ಸಂಗೀತಗಾರರು ಸಾವಿರಾರು ಮಂದಿ, ವರ್ಷದ ದಿನಗಳು 365. ಜೊತೆ ಸಿಗದ ದಿನವನ್ನು ಹುಡುಕುವುದೇ ಕಷ್ಟ.

ಆದ್ದರಿಂದ ಗ್ರಹಗತಿಯನ್ನು ಬಿಡೋಣ. ಈ ವಿಡಿಯೋಕ್ಕಾಗಿ ಪಟ್ಟಿ ಮಾಡಲು ಕುಳಿತಾಗ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿಯೇ ಬೇರೆ: ಒಂದೇ ದಿನ ಹುಟ್ಟಿದವರೆಂದು ನಾವು ಸಾಲಾಗಿ ಕೂರಿಸುವ ಎಷ್ಟೋ ಸಂಗೀತಗಾರರು ತಮ್ಮ ಜೀವಮಾನದಲ್ಲಿ ಆ ದಿನವನ್ನು ಹುಟ್ಟುಹಬ್ಬವೆಂದು ಕಂಡವರೇ ಅಲ್ಲ.

[ದೃಶ್ಯ: ಪರದೆಯ ಮೇಲೆ ಮೇ 7]

ಮೇ 7ನ್ನು ನೋಡಿ. 1833ರಲ್ಲಿ ಹ್ಯಾಂಬರ್ಗಿನಲ್ಲಿ ಬ್ರಾಮ್ಸ್, 1840ರಲ್ಲಿ ರಷ್ಯದಲ್ಲಿ ಚೈಕೋವ್‌ಸ್ಕಿ, 1861ರಲ್ಲಿ ಕಲ್ಕತ್ತೆಯಲ್ಲಿ ರವೀಂದ್ರನಾಥ ಠಾಕೂರರು ಹುಟ್ಟಿದರು. ಠಾಕೂರರನ್ನು ಕವಿಗಳ ಸಾಲಿನಲ್ಲಿ ಕೂರಿಸಿ ಮರೆಯುವವರಿಗೆ ಒಂದು ಮಾತು: ಎರಡು ಸಾವಿರಕ್ಕೂ ಹೆಚ್ಚು ಹಾಡುಗಳನ್ನು ಕಟ್ಟಿದವರು ಈ ಪಟ್ಟಿಯಲ್ಲಿ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಆದರೆ ಮೂವರಲ್ಲಿ ಮೇ 7 ನಿಜವಾಗಿ ಸಲ್ಲುವುದು ಬ್ರಾಮ್ಸ್ ಒಬ್ಬರಿಗೇ. ಆಗಿನ ರಷ್ಯ ಹಳೆಯ ಜೂಲಿಯನ್ ಕ್ಯಾಲೆಂಡರನ್ನು ಅನುಸರಿಸುತ್ತಿದ್ದು, ಯುರೋಪಿಗಿಂತ 12 ದಿನ ಹಿಂದಿತ್ತು. ಆದ್ದರಿಂದ ಚೈಕೋವ್‌ಸ್ಕಿಯ ಹುಟ್ಟುಹಬ್ಬ ಅವರ ಮನೆಯ ಲೆಕ್ಕದಲ್ಲಿ ಏಪ್ರಿಲ್ 25. ಠಾಕೂರರ ಜಯಂತಿಯನ್ನು ಬಂಗಾಳಿಗಳು ತಮ್ಮ ಪಂಚಾಂಗದ ಬೈಶಾಖ 25ರಂದು ಆಚರಿಸುತ್ತಾರೆ. ಈಗ ಅದು ಮೇ 8ಕ್ಕೋ 9ಕ್ಕೋ ಬೀಳುತ್ತದೆ. ಎರಡೂ ಕಡೆ 25! ಯೋಗವಿಲ್ಲವೆಂದು ಈಗಷ್ಟೇ ಹೇಳಿದ ನನಗೇ ಇದನ್ನು ಕಂಡಾಗ ಒಂದು ಕ್ಷಣ ಜ್ಯೋತಿಷಿಯ ಬಳಿ ಹೋಗಿಬರೋಣವೆನ್ನಿಸಿತು.

ಇನ್ನು ನನಗೆ ಎಲ್ಲಕ್ಕಿಂತ ಪ್ರಿಯವಾದ ಜೋಡಿ. 1685ರ ಮಾರ್ಚ್ 21ರಂದು ಜರ್ಮನಿಯ ಐಸೆನಾಖ್ ಊರಿನಲ್ಲಿ ಯೊಹಾನ್ ಸೆಬಾಸ್ಟಿಯನ್ ಬಾಖ್ ಹುಟ್ಟಿದರು; 1916ರ ಮಾರ್ಚ್ 21ರಂದು ಬಿಹಾರದ ಡುಮ್ರಾಂವ್ ಎಂಬಲ್ಲಿ ಉಸ್ತಾದ್ ಬಿಸ್ಮಿಲ್ಲಾ ಖಾನ್ ಹುಟ್ಟಿದರು. ಒಬ್ಬರು ಇಗರ್ಜಿಯ ಆರ್ಗನ್ ಮುಂದೆ, ಇನ್ನೊಬ್ಬರು ಕಾಶಿಯ ದೇಗುಲಗಳಲ್ಲಿ ಶಹನಾಯಿ ಹಿಡಿದು, ಉಸಿರನ್ನೂ ಗಾಳಿಯನ್ನೂ ದೇವರಿಗೆ ಒಪ್ಪಿಸಿದವರು. ಇವರಿಬ್ಬರೂ ಒಂದೇ ದಿನ ಹುಟ್ಟಿದರೆಂದರೆ ಯಾರಿಗೆ ರೋಮಾಂಚನವಾಗದು? ಆದರೆ ಇವರು ಹುಟ್ಟಿದ್ದು ಒಂದೇ ದಿನವಲ್ಲ.

[ದೃಶ್ಯ: ದಾದರ್ ನಿಲ್ದಾಣದ ಮೇಲ್ಸೇತುವೆ, ಸಂಜೆಯ ನೂಕುನುಗ್ಗಲು]

ಇದಕ್ಕೆ ದಾದರ್ ನಿಲ್ದಾಣಕ್ಕಿಂತ ಒಳ್ಳೆಯ ಉಪಮೆ ಸಿಗದು. ಕೆಲವು ವರ್ಷಗಳ ಹಿಂದಿನವರೆಗೆ ದಾದರಿನಲ್ಲಿ ಪಶ್ಚಿಮ ರೈಲ್ವೆಗೊಂದು 1ನೇ ಪ್ಲಾಟ್‌ಫಾರ್ಮ್ ಇತ್ತು, ಮಧ್ಯ ರೈಲ್ವೆಗೂ ಒಂದು 1ನೇ ಪ್ಲಾಟ್‌ಫಾರ್ಮ್ ಇತ್ತು. "ಒಂದನೇ ನಂಬರಿನಲ್ಲಿ ನಿಂತಿರು, ಬರುತ್ತೇನೆ" ಎಂದು ಹೇಳಿ, ಒಬ್ಬರು ಆ ಕಡೆ, ಇನ್ನೊಬ್ಬರು ಈ ಕಡೆ ಕಾದು, ಮನೆಗೆ ಹೋಗಿ ಜಗಳವಾಡಿದ ದಂಪತಿಗಳ ಲೆಕ್ಕವನ್ನು ಯಾವ ರೈಲ್ವೆಯೂ ಇಟ್ಟಿರಲಾರದು. 2023ರ ಡಿಸೆಂಬರಿನಲ್ಲಿ ನಂಬರುಗಳನ್ನು ಒಂದೇ ಸಾಲಿಗೆ ತಂದಾಗ ಮಧ್ಯ ರೈಲ್ವೆಯ 1ನೇ ಪ್ಲಾಟ್‌ಫಾರ್ಮ್ 8ನೆಯದಾಯಿತು. ಸಿಮೆಂಟು ಇದ್ದಲ್ಲೇ ಇತ್ತು, ಬದಲಾದದ್ದು ಫಲಕ ಮಾತ್ರ. ಪೋಪ್ ಗ್ರೆಗೊರಿ 1582ರಲ್ಲಿ ಮಾಡಿದ್ದೂ ಇದನ್ನೇ: ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಕರೆದರು. ಪೋರ್ಚುಗಲ್ ಕೂಡಲೇ ಒಪ್ಪಿದ್ದರಿಂದ, ಅದರ ಆಳ್ವಿಕೆಯಲ್ಲಿದ್ದ ಗೋವಾದ ಇಗರ್ಜಿಗಳಿಗೂ ಹೊಸ ಕ್ಯಾಲೆಂಡರು ಬಾಖ್ ಹುಟ್ಟುವುದಕ್ಕೆ ಸುಮಾರು ನೂರು ವರ್ಷ ಮೊದಲೇ ತಲುಪಿತ್ತು. ಪೋಪರ ಮಾತೆಂಬ ಒಂದೇ ಕಾರಣಕ್ಕೆ ಪ್ರಾಟೆಸ್ಟಂಟ್ ಜರ್ಮನಿ ಮಾತ್ರ 1700ರವರೆಗೆ ಹಳೆಯ ಫಲಕವನ್ನೇ ನೇತುಹಾಕಿಕೊಂಡಿತ್ತು. ಹೀಗಾಗಿ ಬಾಖ್‌ರ ಮಾರ್ಚ್ 21 ಇಂದಿನ ಲೆಕ್ಕದಲ್ಲಿ ಮಾರ್ಚ್ 31. ಉಸ್ತಾದರು ಒಂದು ಪ್ಲಾಟ್‌ಫಾರ್ಮಿನಲ್ಲಿ, ಬಾಖ್ ಇನ್ನೊಂದರಲ್ಲಿ ನಿಂತಿದ್ದಾರೆ.

ತಮಾಷೆಯೆಂದರೆ, ರಷ್ಯದ ಮುಸೋರ್ಗ್‌ಸ್ಕಿ ಹುಟ್ಟಿದ 1839ರ ಮಾರ್ಚ್ 9ನ್ನು ನಾವು ಶ್ರದ್ಧೆಯಿಂದ ತಿದ್ದಿ ಮಾರ್ಚ್ 21 ಎನ್ನುತ್ತೇವೆ, ಬಾಖ್‌ರ ತಾರೀಖನ್ನು ತಿದ್ದುವುದಿಲ್ಲ. ಆಮೇಲೆ ಇಬ್ಬರೂ ಒಂದೇ ದಿನ ಹುಟ್ಟಿದರೆಂದು ಬೆರಗಾಗುತ್ತೇವೆ. ತಿದ್ದಿದ್ದರೆ ಬಾಖ್‌ಗೆ ಮಾರ್ಚ್ 31ರಂದು ಆಸ್ಟ್ರಿಯದ ಸಂಗೀತಗಾರ ಹೈಡನ್ ಜೊತೆಯಾಗುತ್ತಿದ್ದರು. ಆ ಹೈಡನ್‌ರ ತಾರೀಖೂ ಪೂರ್ತಿ ಗಟ್ಟಿಯಲ್ಲ. ಅದು ಏಪ್ರಿಲ್ 1 ಇರಬಹುದೆಂಬ ವಾದವಿದ್ದು, ಅಣ್ಣನನ್ನು ಜನ ಏಪ್ರಿಲ್ ಫೂಲ್ ಎನ್ನಬಾರದೆಂದು ತಮ್ಮ ಮಿಖಾಯೆಲ್ ಒಂದು ದಿನ ಹಿಂದಕ್ಕೆ ತಳ್ಳಿದರೆಂಬ ಕಥೆಯೂ ಇದೆ. ಇಂಥ ತಮ್ಮ ಎಲ್ಲರಿಗೂ ಇರಬೇಕು.

ದಾದರಿನಲ್ಲೇ ಬಹಳ ಹೊತ್ತು ನಿಂತುಬಿಟ್ಟೆ, ಉಳಿದವರನ್ನು ಬೇಗ ನೋಡೋಣ. ಬೀಥೋವನ್ ಹುಟ್ಟಿದ ದಿನದ ದಾಖಲೆಯೇ ಇಲ್ಲ. ಇರುವುದು 1770ರ ಡಿಸೆಂಬರ್ 17ರ ಜ್ಞಾನಸ್ನಾನದ ದಾಖಲೆ ಮಾತ್ರ. ಲೂಯಿ ಆರ್ಮ್‌ಸ್ಟ್ರಾಂಗ್ ತಾವು 1900ರ ಜುಲೈ 4ರಂದು, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನದಂದೇ ಹುಟ್ಟಿದ್ದೆಂದು ಹೇಳಿಕೊಳ್ಳುತ್ತಿದ್ದರು. 1971ರಲ್ಲಿ ಅವರು ತೀರಿಕೊಂಡು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಸಿಕ್ಕಿದ ಇಗರ್ಜಿಯ ದಾಖಲೆಯಲ್ಲಿ 1901ರ ಆಗಸ್ಟ್ 4 ಎಂದಿತ್ತು. ಹೀಗೆ ಅವರು ಸತ್ತ ಮೇಲೆ, 1929ರ ಆಗಸ್ಟ್ 4ರಂದು ಖಂಡ್ವಾದಲ್ಲಿ ಹುಟ್ಟಿದ ಕಿಶೋರ್ ಕುಮಾರರ ಜೊತೆಗಾರರಾದರು. ಕಿಶೋರರ ಯೋಡಲಿಂಗ್‌ಗೆ, ಅಂದರೆ ದನಿಯನ್ನು ಥಟ್ಟನೆ ಏರಿಸಿ ಇಳಿಸಿ ಹಾಡುವ ಶೈಲಿಗೆ, ಪ್ರೇರಣೆಯೆಂದು ಹೇಳುವ ಅಮೆರಿಕದ ಗಾಯಕ ಜಿಮ್ಮಿ ರಾಡ್ಜರ್ಸ್ ಹುಟ್ಟಿದ್ದು ಮತ್ತೆ ಅದೇ ಸೆಪ್ಟೆಂಬರ್ 8ರಂದು. ಇಳಯರಾಜರು ಹುಟ್ಟಿದ್ದು ಜೂನ್ 3ರಂದು. ಆ ದಿನದ ಶುಭಾಶಯಗಳೆಲ್ಲ ಕರುಣಾನಿಧಿಯವರಿಗೇ ಸಲ್ಲಲೆಂದು ತಮ್ಮ ಆಚರಣೆಯನ್ನು ಜೂನ್ 2ಕ್ಕೆ ಸರಿಸಿಕೊಂಡರು. ಸರಿಸಿದಲ್ಲಿ 1857ರ ಜೂನ್ 2ರಂದು ಹುಟ್ಟಿದ ಇಂಗ್ಲೆಂಡಿನ ಎಲ್ಗರ್ ಮೊದಲೇ ಕುಳಿತಿದ್ದರು.

[ದೃಶ್ಯ: ಹಳೆಯ ಶಾಲಾ ದಾಖಲಾತಿ ಪುಸ್ತಕದ ಪುಟ, ಹೆಸರುಗಳನ್ನು ಮಸುಕಾಗಿಸಿದೆ]

ಪ್ರಶ್ನೆ ಕೇಳಿದ ಡೊಂಬಿವಲಿಯವರು ಕೊನೆಗೊಂದು ಸಾಲು ಸೇರಿಸಿದ್ದರು: ತಮ್ಮದು ಜೂನ್ 1, ತಮಗೆ ಯಾರಾದರೂ ಸಿಗುತ್ತಾರೆಯೇ? ಅದನ್ನು ಓದಿ ನಕ್ಕೆ, ಏಕೆಂದರೆ ನನ್ನ ತಂದೆಯವರದೂ ಜೂನ್ 1. ಕುಂದಾಪುರದ ಕಡೆಯಿಂದ ಬಂದು, ಹಗಲು ಫೋರ್ಟಿನ ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು ಅವರು. ನೆರೆಗೆ ಸಂಕ, ಅಂದರೆ ಕಾಲುಸೇತುವೆ, ಕೊಚ್ಚಿಹೋದ ಮರುದಿನ ಹುಟ್ಟಿದವನೆಂದು ಅಜ್ಜಿ ಹೇಳುತ್ತಿದ್ದರು. ಸಂಕದ ಲೆಕ್ಕ ಶಾಲೆಯ ಪುಸ್ತಕಕ್ಕೆ ಹಿಡಿಸದ ಕಾರಣ, ಮಾಸ್ತರರು ಶಾಲೆ ತೆರೆಯುವ ಜೂನ್ 1ನ್ನೇ ಬರೆದುಕೊಂಡರು. ಈ ದೇಶದಲ್ಲಿ ಮಾಸ್ತರರ ಕೈಯಿಂದ ಜೂನ್ 1ರಂದು ಹುಟ್ಟಿದವರು ಅದೆಷ್ಟು ಜನವೋ.

ಸಿಗುತ್ತಾರೆ, ಸ್ವಾಮಿ. ರಷ್ಯದ ಶಾಸ್ತ್ರೀಯ ಸಂಗೀತದ ಪಿತಾಮಹರೆನಿಸಿದ ಮಿಖಾಯಿಲ್ ಗ್ಲಿಂಕಾ, 1804ರ ಜೂನ್ 1. ಅವರ ಮನೆಯ ಕ್ಯಾಲೆಂಡರಿನಲ್ಲಿ ಅದು ಮೇ 20 ಆಗಿತ್ತು. ಜೂನ್ 1 ಎಂದು ಬರೆದವರು ಅವರಿಗೂ ಬೇರೆಯವರೇ.