ಆಜ್ಞೆ ಪಾಲಿಸದ ಜನರಲ್

ಮಾನ್ಯ ಕೇಳುಗರೇ, ಅಮೆರಿಕದ ಮಿಸೌರಿಯಲ್ಲಿ 1838ರ ಸುಮಾರಿಗೆ ರಾಜ್ಯ ಮಿಲಿಷಿಯಾದ, ಅಂದರೆ ನಾಗರಿಕರಿಂದಲೇ ಕಟ್ಟಿದ ಪಡೆಯ, ಜನರಲ್ ಎಂದರೆ ಸೇನೆಯಲ್ಲೇ ಬದುಕು ಸವೆಸಿದವನೆಂದೇನೂ ಅಲ್ಲ. ವಕೀಲಿ ಮಾಡುತ್ತ, ಚುನಾವಣೆಗೂ ನಿಲ್ಲುತ್ತ, ಗವರ್ನರ್ ಕರೆ ಕಳುಹಿಸಿದಾಗ ಕುದುರೆ ಏರುವ ಊರ ಮುಂದಾಳೂ ಜನರಲ್ ಆಗಬಹುದಿತ್ತು. ಅಲೆಗ್ಸಾಂಡರ್ ಡೋನಿಫನ್ ಅಂಥವರು. 1808ರಲ್ಲಿ ಕೆಂಟಕಿಯಲ್ಲಿ ಹುಟ್ಟಿದ ಅವರು ಮಿಸೌರಿಯ ಲಿಬರ್ಟಿ ಪಟ್ಟಣದಲ್ಲಿ ವಕೀಲರಾಗಿ ನೆಲೆಸಿ, 1836ರಲ್ಲಿ ಶಾಸನಸಭೆಗೆ ಆಯ್ಕೆಯಾದರು. ನೆರೆಹೊರೆಯ ಹಗೆಯಿಂದ ನೆಲೆ ತಪ್ಪಿದ್ದ ಮಾರ್ಮನ್ ಎಂಬ ಹೊಸ ಕ್ರೈಸ್ತ ಪಂಥದವರಿಗಾಗಿ ಕಾಲ್ಡ್‌ವೆಲ್ ಕೌಂಟಿ (ಜಿಲ್ಲೆಯಂಥ ಆಡಳಿತ ಘಟಕ) ರಚನೆಯಾಗಲು ಅಲ್ಲಿ ಅವರು ಶ್ರಮಿಸಿದರು.

ಆದರೆ ಹಗೆ ಆರಲಿಲ್ಲ. 1838ರ ಅಕ್ಟೋಬರ್ 27ರಂದು ಗವರ್ನರ್ ಲಿಲ್ಬರ್ನ್ ಬಾಗ್ಸ್, ಮಾರ್ಮನ್ನರನ್ನು ರಾಜ್ಯದಿಂದ ಓಡಿಸಬೇಕು, ಇಲ್ಲವೇ ನಿರ್ಮೂಲ ಮಾಡಬೇಕು ಎಂದು ಆದೇಶ ಹೊರಡಿಸಿದರು. (ಈ ಆದೇಶ ವಿಧಿವತ್ತಾಗಿ ರದ್ದಾದದ್ದು 1976ರಲ್ಲಿ ಎಂದರೆ ನಂಬುವುದು ಕಷ್ಟ.) ನಾಲ್ಕು ದಿನಗಳಲ್ಲಿ ಪಂಥದ ಗುರು ಜೋಸೆಫ್ ಸ್ಮಿತ್ ಫಾರ್ ವೆಸ್ಟ್ ಎಂಬಲ್ಲಿ ಸೆರೆಸಿಕ್ಕರು. ಅವಸರದಲ್ಲಿ ಸೇನಾ ವಿಚಾರಣೆ ಮುಗಿಸಿದ ಮೇಲಧಿಕಾರಿ ಸ್ಯಾಮ್ಯುಯೆಲ್ ಲೂಕಸ್, ಮರುದಿನ ಬೆಳಿಗ್ಗೆ 9 ಗಂಟೆಗೆ ಊರ ಚೌಕದಲ್ಲಿ ಸ್ಮಿತ್ ಮತ್ತು ಸಂಗಡಿಗರನ್ನು ಗುಂಡಿಕ್ಕಿ ಕೊಲ್ಲುವಂತೆ ಡೋನಿಫನ್ನರಿಗೆ ಬರೆದು ಕಳುಹಿಸಿದರು. ಡೋನಿಫನ್ನರ ಉತ್ತರ ಚಿಕ್ಕದು: ಇದು ನಿರ್ದಯ ಕೊಲೆ, ನಾನು ಪಾಲಿಸುವುದಿಲ್ಲ, ನನ್ನ ದಳ 8 ಗಂಟೆಗೇ ಲಿಬರ್ಟಿಗೆ ಹೊರಡುತ್ತದೆ, ಇವರನ್ನು ಕೊಂದರೆ ನಿಮ್ಮನ್ನು ಈ ಲೋಕದ ನ್ಯಾಯಾಲಯದಲ್ಲೇ ಹೊಣೆಯಾಗಿಸುತ್ತೇನೆ. ದೇವರ ತೀರ್ಪಿನ ಮಾತೆತ್ತದೆ ಕೋರ್ಟಿನ ಮಾತೆತ್ತಿದ್ದರಲ್ಲೇ ಅವರೊಳಗಿನ ವಕೀಲ ಕಾಣುತ್ತಾನೆ. ಲೂಕಸ್ ಹಿಂಜರಿದರು. ಆಜ್ಞೆ ಮೀರಿದ್ದಕ್ಕೆ ಡೋನಿಫನ್ನರಿಗೆ ಶಿಕ್ಷೆಯೂ ಆಗಲಿಲ್ಲ. ಮುಂದೆ ಕೈದಿಗಳ ಪರ ವಕಾಲತ್ತು ವಹಿಸಿದವರೂ ಅವರೇ.

1846ರಲ್ಲಿ ಮೆಕ್ಸಿಕೋ ಯುದ್ಧ ಬಂದಾಗ ಸ್ವಯಂಸೇವಕ ಸೈನಿಕರೇ ಮತ ಹಾಕಿ ಅವರನ್ನು ಕರ್ನಲ್ ಆಗಿ ಆರಿಸಿದರು. ಸಾಂತಾ ಫೇಯಲ್ಲಿ ಗೆದ್ದ ಸೀಮೆಗೊಂದು ಕಾನೂನು ಸಂಹಿತೆ ರಚಿಸಲು ನೆರವಾಗಿ, ಬಳಿಕ ಮರುಭೂಮಿ ದಾಟಿ, 1847ರ ಫೆಬ್ರವರಿ 28ರಂದು ತಮ್ಮದಕ್ಕಿಂತ ಬಹು ದೊಡ್ಡ ಪಡೆಯನ್ನು ಸಾಕ್ರಮೆಂಟೊ ಕದನದಲ್ಲಿ ಸೋಲಿಸಿ ಚಿವಾವಾ ನಗರವನ್ನು ಹಿಡಿದರು.

ಇಷ್ಟು ಹೇಳಿ ಅವರನ್ನು ಸಂತರನ್ನಾಗಿಸುವುದು ಸಲ್ಲದು, ಏಕೆಂದರೆ ಅವರು ಗುಲಾಮರನ್ನು ಇಟ್ಟುಕೊಂಡಿದ್ದರು. 1861ರಲ್ಲಿ ಗುಲಾಮಗಿರಿಯ ವಿವಾದದಿಂದ ಅಮೆರಿಕದ ರಾಜ್ಯಗಳ ಒಕ್ಕೂಟ ಒಡೆಯುವ ಹೊತ್ತಿಗೆ ವಾಷಿಂಗ್ಟನ್ನಿನ ಶಾಂತಿ ಸಮ್ಮೇಳನಕ್ಕೆ ಹೋಗಿ ಬರಿಗೈಯಲ್ಲಿ ಮರಳಿದರು. ಮಿಸೌರಿ ಪ್ರತ್ಯೇಕವಾಗುವುದನ್ನು ವಿರೋಧಿಸಿದರು. ಆದರೂ ಬಳಿಕ ನಡೆದ ಅಂತರ್ಯುದ್ಧದ ರಣರಂಗದಲ್ಲಿ ಯಾವ ಪಕ್ಷದ ಸೇನೆಯನ್ನೂ ನಡೆಸಲಿಲ್ಲ. ಇಬ್ಬರು ಗಂಡುಮಕ್ಕಳನ್ನು ಎಳೆಹರೆಯದಲ್ಲೇ ಕಳೆದುಕೊಂಡಿದ್ದ ಅವರು 1887ರ ಆಗಸ್ಟ್ 8ರಂದು ಮಿಸೌರಿಯ ರಿಚ್ಮಂಡ್‌ನಲ್ಲಿ ತೀರಿಕೊಂಡರು.