ಓಪಿ ಚೀಟಿಯಲ್ಲಿ ಒಂದು ಸಾಲು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವನು. ಕೂಲಿ ಕೆಲಸ ಮಾಡುವವರಿಗೆ ಅರ್ಜಿ ಬರೆದುಕೊಡುತ್ತೇನೆ, ಬೇಕಾದರೆ ಅವರ ಜೊತೆ ಆಫೀಸಿಗೂ ಹೋಗುತ್ತೇನೆ. ಕೈ ಮುರಿದರೆ, ಕಾಲು ಮುರಿದರೆ ಯಾವ ಕಾಗದ ಬೇಕು ಎಂದು ನನಗೆ ಮೊದಲೇ ಗೊತ್ತಿತ್ತು. ಕೆಲಸದ ಜಾಗದಲ್ಲಿ ಮನಸ್ಸಿಗೆ ಪೆಟ್ಟು ಬಿದ್ದರೆ ಏನು ಮಾಡಬೇಕು? ಅದು ಗೊತ್ತಿರಲಿಲ್ಲ. ಕಲಿತದ್ದು ನನ್ನ ಸ್ವಂತ ಅಣ್ಣನಿಗೆ ಹಾಗಾದ ಮೇಲೆ.

ಅಣ್ಣ ಕೆಂಪುಕಲ್ಲಿನ ಕೋರೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ. 2022ರ ಜೂನ್. ಮಳೆ ಆಗಷ್ಟೇ ಹಿಡಿದಿತ್ತು. ಮಧ್ಯಾಹ್ನದ ಹೊತ್ತಿಗೆ ಮೇಲಿನ ಮಣ್ಣು ಜರಿದು ಬಿತ್ತು. ಪಕ್ಕದಲ್ಲಿ ಕಲ್ಲು ಎತ್ತುತ್ತಿದ್ದವನು ಅದರ ಅಡಿಗೆ ಹೋದ. ಇವರಿಬ್ಬರೂ ಎಂಟು ವರ್ಷ ಒಟ್ಟಿಗೆ ಬುತ್ತಿ ಬಿಚ್ಚಿದವರು. ಅಣ್ಣ ಬರಿ ಕೈಯಲ್ಲೇ ಮಣ್ಣು ಬಗೆದ. ಮೊದಲು ಸಿಕ್ಕಿದ್ದು ಅವನ ಭುಜ. ಎಳೆದು ಹೊರಗೆ ಹಾಕುವಾಗ ಉಸಿರು ಇರಲಿಲ್ಲ.

ಅಣ್ಣನಿಗೆ ಆದದ್ದು ಮೊಣಕಾಲಿನ ಕೆಳಗೆ ತರಚಿದ ಗಾಯ, ಅಷ್ಟೆ. ಒಂದು ಟಿಟಿ ಇಂಜೆಕ್ಷನ್, ಒಂದು ಬ್ಯಾಂಡೇಜು. ಎಲ್ಲರೂ ಹೇಳಿದ್ದು ಒಂದೇ ಮಾತು, 'ನೀನು ಬದುಕಿದೆಯಲ್ಲ, ದೇವರು ದೊಡ್ಡವನು.'

ಒಂದು ವಾರ ಕಳೆದು ಕೆಲಸಕ್ಕೆ ಹೊರಟ. ಕೋರೆಯ ದಾರಿಯ ತಿರುವಿನವರೆಗೆ ಹೋದ. ಕಲ್ಲು ಕೊರೆಯುವ ಮೆಷಿನಿನ ಸದ್ದು ಕೇಳಿದ್ದೇ ತಡ, ಮೈಯೆಲ್ಲ ಬೆವರಿ ಅಲ್ಲೇ ಕೂತುಬಿಟ್ಟ. ಆಮೇಲೆ ನಿದ್ದೆ ಹೋಯಿತು. ರಾತ್ರಿ ಎದ್ದು ಕೈ ತೊಳೆಯುತ್ತಿದ್ದ. ಉಗುರಿನ ಸಂದಿಯಲ್ಲಿ ಮಣ್ಣು ಉಳಿದಿದೆ ಅನ್ನುತ್ತಿದ್ದ. ಅತ್ತಿಗೆ ದೀಪ ಹಾಕಿ ಅವನ ಬೆರಳು ಒಂದೊಂದಾಗಿ ನೋಡಿ, 'ಇಲ್ಲ, ಏನೂ ಇಲ್ಲ' ಎಂದು ತೋರಿಸುತ್ತಿದ್ದಳು. ಇದು ದಿನವೂ ನಡೆಯುತ್ತಿತ್ತು.

ಊರಿನಲ್ಲಿ 'ಹೆದರಿಕೆ ಕೂತಿದೆ' ಅಂದರು. ಪ್ರಶ್ನೆ ಇಟ್ಟು ನೋಡಿಸಿದೆವು, ನೂಲು ಕಟ್ಟಿಸಿದೆವು. ಅದನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಆರು ತಿಂಗಳು ಹಾಗೇ ಹೋಯಿತು.

ಡಿಸೆಂಬರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ನಾನು ಜೊತೆಗಿರಲಿಲ್ಲ. ಡಾಕ್ಟರ್ ಮಲಯಾಳದಲ್ಲಿ ಕೇಳಿದರು. ಅಣ್ಣನಿಗೆ ಮಲಯಾಳ ಬರುತ್ತದೆ. ಪೇಟೆಗೆ, ಬಸ್ಸಿಗೆ, ಕೂಲಿ ಲೆಕ್ಕಕ್ಕೆ ಧಾರಾಳವಾಗಿ ಸಾಕು. ಆದರೆ ಉಗುರಿನಲ್ಲಿ ಮಣ್ಣು ಇದೆ ಅನ್ನಿಸುವುದನ್ನು ಹೇಳುವುದಕ್ಕೆ ಅಷ್ಟು ಮಲಯಾಳ ಸಾಲದು. ಅವನು ಹೇಳಿದ್ದು, 'ಉರಕ್ಕಮಿಲ್ಲ', ನಿದ್ದೆ ಇಲ್ಲ ಅಂತ. ಓಪಿ ಚೀಟಿಯಲ್ಲಿ ಬಿದ್ದದ್ದೂ ಅಷ್ಟೇ, ಆರು ತಿಂಗಳಿಂದ ನಿದ್ದೆ ಬರುವುದಿಲ್ಲ. ಕೋರೆಯ ಮಾತಿಲ್ಲ, ಮಣ್ಣು ಜರಿದ ಮಾತಿಲ್ಲ, ಸತ್ತ ಗೆಳೆಯನ ಮಾತಿಲ್ಲ.

ಆ ಒಂದು ಸಾಲು ಇಲ್ಲದೆ ಹೋದದ್ದಕ್ಕೆ ನಾವು ಎಷ್ಟು ಕಳೆದುಕೊಂಡೆವು ಎಂದು ಆಮೇಲೆ ಹೇಳುತ್ತೇನೆ. ಮೊದಲು ಕಾಯ್ದೆ ಏನು ಹೇಳುತ್ತದೆ ನೋಡೋಣ.

ನಮ್ಮಲ್ಲಿ 1923ರಿಂದ ನೌಕರರ ಪರಿಹಾರ ಕಾಯ್ದೆ ಇತ್ತು. ಕೆಲಸ ಮಾಡುವಾಗ, ಕೆಲಸದ ಕಾರಣದಿಂದ, ಅಪಘಾತವಾಗಿ ನೌಕರನಿಗೆ ಗಾಯವಾದರೆ ಧಣಿ ಪರಿಹಾರ ಕೊಡಬೇಕು. ಸ್ವಲ್ಪ ಗಮನವಿಟ್ಟು ಕೇಳಿ. ಕಾಯ್ದೆ 'ಮೈಗೆ ಆದ ಗಾಯ' ಎಂದು ಹೇಳುವುದಿಲ್ಲ. ವ್ಯಕ್ತಿಗೆ ಆದ ಗಾಯ ಎಂಬ ಅರ್ಥದ ಮಾತು ಅಲ್ಲಿದೆ. ಈ ಮಾತು ಇಂಗ್ಲೆಂಡಿನ ಹಳೆಯ ಕಾಯ್ದೆಯಿಂದ ಬಂದದ್ದು. ಅಲ್ಲಿ 1910ರಲ್ಲಿ ಒಂದು ಕೇಸು ನಡೆಯಿತು. ಯೇಟ್ಸ್ ಎಂಬ ಕಲ್ಲಿದ್ದಲು ಗಣಿ ಕೆಲಸಗಾರ. ಪಕ್ಕದಲ್ಲಿ ಕೂಗು ಕೇಳಿ ಓಡಿದ. ಜೊತೆಗಾರನ ಮೇಲೆ ಗಣಿ ಕುಸಿದು ಬಿದ್ದಿತ್ತು. ಎತ್ತಿ ತಂದ, ಅವನು ಉಳಿಯಲಿಲ್ಲ. ಯೇಟ್ಸನ ಮೈಗೆ ಏನೂ ಆಗಿರಲಿಲ್ಲ, ಆದರೆ ಆಮೇಲೆ ಅವನಿಗೆ ಕೆಲಸ ಮಾಡಲು ಆಗಲಿಲ್ಲ. ಕೋರ್ಟು ಅವನಿಗೆ ಪರಿಹಾರ ಒಪ್ಪಿತು. ಅಪಘಾತದಿಂದ ಮನಸ್ಸಿಗೆ ಬಿದ್ದ ಆಘಾತ ಕಾಲು ಮುರಿದಷ್ಟೇ ನಿಜವಾದ ಗಾಯ ಎಂದು ನ್ಯಾಯಾಧೀಶರೊಬ್ಬರು ಹೇಳಿದರು.

ಇದನ್ನು ಮೊದಲ ಸಲ ಓದಿದಾಗ ನನಗೆ ಅಣ್ಣನ ಕತೆಯೇ ಓದಿದ ಹಾಗಾಯಿತು. ಆ ತೀರ್ಪು ನಮ್ಮ ಕೋರ್ಟುಗಳಿಗೆ ಕಡ್ಡಾಯ ಅಲ್ಲ. ಆದರೆ ವಕೀಲರು ಎತ್ತಿ ತೋರಿಸಬಹುದು.

ಇನ್ನು ಚಿಕಿತ್ಸೆಯ ಖರ್ಚು. 2009ರ ತಿದ್ದುಪಡಿಯಲ್ಲಿ ಒಂದು ಒಳ್ಳೆಯ ಮಾತು ಸೇರಿಸಿದರು. ಕೆಲಸದ ವೇಳೆ ಆದ ಗಾಯದ ಚಿಕಿತ್ಸೆಗೆ ನೌಕರ ಮಾಡಿದ ನಿಜವಾದ ಖರ್ಚನ್ನು ಧಣಿ ತುಂಬಿಕೊಡಬೇಕು. ಕೆಲಸಕ್ಕೆ ಹೋಗಲಾಗದ ದಿನಗಳ ಪರಿಹಾರ ಬೇರೆ. ಅದು ತಿಂಗಳ ಸಂಬಳದ ಶೇಕಡಾ 25ರಂತೆ ಹದಿನೈದು ದಿನಕ್ಕೊಮ್ಮೆ, ಜಾಸ್ತಿ ಅಂದರೆ ಐದು ವರ್ಷ. 2020ರ ಜನವರಿಯಿಂದ ಆ ಲೆಕ್ಕಕ್ಕೆ ಸಂಬಳ 15,000 ರೂಪಾಯಿಯ ಮಿತಿ ಇದೆ. ಆಸ್ಪತ್ರೆ ಬಿಲ್ಲಿಗೆ ಆ ಮಿತಿ ಇಲ್ಲ. ಖರ್ಚಾದಷ್ಟು ಕೇಳಬಹುದು, ಬಿಲ್ಲು ಇರಬೇಕು.

2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅದರ ಏಳನೇ ಅಧ್ಯಾಯದಲ್ಲಿ ನೌಕರರ ಪರಿಹಾರ ಇದೆ. ಚಿಕಿತ್ಸೆ ಖರ್ಚಿನ ಮಾತು ಅಲ್ಲೂ ಉಳಿದಿದೆ.

ಒಂದು ತೊಡಕು ಮುಚ್ಚಿಡುವುದಿಲ್ಲ. ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿ ಕಾಯ್ದೆಯ ಮೂರನೇ ಪರಿಶಿಷ್ಟದಲ್ಲಿದೆ. ಅದರಲ್ಲಿ ಮಾನಸಿಕ ಕಾಯಿಲೆ ಇಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2010ರಲ್ಲೇ ತನ್ನ ಪಟ್ಟಿಯಲ್ಲಿ ಸೇರಿಸಿತು, ನಮ್ಮಲ್ಲಿ ಇನ್ನೂ ಸೇರಿಲ್ಲ. ಹಾಗಾಗಿ ವರ್ಷಗಟ್ಟಲೆ ಮೇಸ್ತ್ರಿಯ ಬೈಗುಳ ತಿಂದು, ಕೆಲಸದ ಒತ್ತಡದಿಂದ ನಿಧಾನಕ್ಕೆ ಮನಸ್ಸು ಕುಸಿದವರಿಗೆ ಈ ದಾರಿ ಕಷ್ಟ. ಅವರ ನೋವು ಕಡಿಮೆಯದ್ದಲ್ಲ, ಕಾಯ್ದೆ ಗಿಡ್ಡ. ಆದರೆ ಮಣ್ಣು ಜರಿದದ್ದು, ದೋಣಿ ಮಗುಚಿದ್ದು, ಮೆಷಿನಿಗೆ ಜೊತೆಗಾರನ ಕೈ ಸಿಕ್ಕಿದ್ದು, ರಾತ್ರಿ ಪೆಟ್ರೋಲ್ ಬಂಕಿಗೆ ಕಳ್ಳರು ನುಗ್ಗಿದ್ದು, ಇಂಥ ದಿನ, ಇಂಥ ಹೊತ್ತು ಎಂದು ಬೆರಳಿಟ್ಟು ತೋರಿಸುವ ಘಟನೆ ಇದ್ದರೆ ದಾರಿ ಇದೆ.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2021ರ ಜುಲೈಯಿಂದ ಒಂದು ಕ್ರಮ ಇದೆ. ಕೆಲಸದಿಂದ ಮನಸ್ಸಿಗೆ ಗಾಯವಾಯಿತು ಎಂದು ಅರ್ಜಿ ಹಾಕಿದವರಿಗೆ, ತೀರ್ಮಾನ ಆಗುವ ಮೊದಲೇ ಚಿಕಿತ್ಸೆಯ ಖರ್ಚು ಕೊಡಲು ಶುರು ಮಾಡುತ್ತಾರೆ. ಅರ್ಜಿ ತಿರಸ್ಕಾರವಾದರೂ 13 ವಾರ ಕೊಡುತ್ತಾರೆ. ಮೊದಲು ಮದ್ದು, ಆಮೇಲೆ ವಾದ. ನಮ್ಮಲ್ಲೂ ಇದು ಬರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆಂದರೆ ನಮ್ಮಲ್ಲಿ ಮೊದಲು ಕೈಯಿಂದ ಖರ್ಚು ಮಾಡಬೇಕು, ಆಮೇಲೆ ಕೇಳಬೇಕು. ದಿನಗೂಲಿಯವನ ಕೈಯಲ್ಲಿ ಏನಿರುತ್ತದೆ ಹೇಳಿ?

ಈಗ ಅಣ್ಣನ ವಿಷಯಕ್ಕೆ ಬರುತ್ತೇನೆ. 2023ರ ಜನವರಿಯಲ್ಲಿ ನಾನು ಜೊತೆಗೆ ಹೋದೆ. ಬೇರೆ ಡಾಕ್ಟರ್ ಇದ್ದರು. ಕನ್ನಡ ಬಾರದಿದ್ದರೂ ತಾಳ್ಮೆಯಿಂದ ಕೇಳಿದರು. ಅಣ್ಣ ತುಳುವಿನಲ್ಲಿ ಹೇಳಿದ, ನಾನು ಮಲಯಾಳದಲ್ಲಿ ಹೇಳಿದೆ. ಕೈ ತೊಳೆಯುವ ಮಾತು ಬಂದಾಗ ಡಾಕ್ಟರ್ ಪೆನ್ನು ಕೆಳಗಿಟ್ಟು ಅಣ್ಣನ ಮುಖ ನೋಡಿದರು. ಆಮೇಲೆ ಬರೆದರು. ಜೂನ್ ತಿಂಗಳಲ್ಲಿ ಕೋರೆ ಕುಸಿದು ಜೊತೆಗಾರ ಸತ್ತದ್ದನ್ನು ಕಣ್ಣಾರೆ ಕಂಡಿದ್ದಾರೆ, ಈಗಿನ ತೊಂದರೆ ಆ ಘಟನೆಯಿಂದ ಬಂದದ್ದು, ಸದ್ಯಕ್ಕೆ ಕೋರೆ ಕೆಲಸ ಮಾಡಲಾಗದು. ಪಿಟಿಎಸ್‌ಡಿ ಎಂಬ ಹೆಸರನ್ನು ನಾವು ಕೇಳಿದ್ದು ಆವತ್ತೇ. ಭಯಾನಕ ಘಟನೆಯ ಆಘಾತ ಮನಸ್ಸಿನಲ್ಲೇ ಉಳಿದು ಕಾಡುವ ಕಾಯಿಲೆ ಅದು. ಮಾತ್ರೆ ಕೊಟ್ಟರು, ಮಾತಿನ ಚಿಕಿತ್ಸೆಗೂ ಬರಲು ಹೇಳಿದರು.

ಧಣಿಗೆ ನೋಟಿಸು ನಾನೇ ಬರೆದೆ, ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ. ಕಾಯ್ದೆ ಇದಕ್ಕೆ ದೊಡ್ಡ ಭಾಷೆ ಕೇಳುವುದಿಲ್ಲ. ಹೆಸರು, ವಿಳಾಸ, ಯಾವ ದಿನ, ಹೇಗಾಯಿತು, ಇಷ್ಟು ಸಾಮಾನ್ಯ ಮಾತಿನಲ್ಲಿ ಇದ್ದರೆ ಸಾಕು. 'ಅವನು ನನ್ನ ಕೆಲಸದವನೇ ಅಲ್ಲ' ಎಂದು ಉತ್ತರ ಬಂತು. ಹಾಜರಿ ಪುಸ್ತಕ ಇಲ್ಲ, ಸಂಬಳದ ಚೀಟಿ ಇಲ್ಲ. ಏನು ಮಾಡುವುದು? ಎರಡು ಸಂಗತಿ ನಮ್ಮನ್ನು ಉಳಿಸಿದವು. ಒಂದು, ಮೇಸ್ತ್ರಿ ಗೂಗಲ್ ಪೇಯಲ್ಲಿ ಹಾಕಿದ ವಾರದ ಕೂಲಿ. ಇನ್ನೊಂದು ಪೊಲೀಸರ ಮಹಜರು. ಗೆಳೆಯ ಸತ್ತ ದಿನ ಪೊಲೀಸರು ಬಂದು ಬರೆದುಕೊಂಡಿದ್ದರು. ಸಾಕ್ಷಿ ಅಂತ ಅಣ್ಣನ ಸಹಿ ಇತ್ತು. ಮಣ್ಣು ಹಿಡಿದ ಹೆಬ್ಬೆರಳಿನ ಗುರುತು ಆ ಸಹಿಯ ಪಕ್ಕದಲ್ಲೇ ಕಾಣುತ್ತದೆ. ಅವನು ಅಲ್ಲಿದ್ದ ಎಂದು ಹೇಳಲು ಅದಕ್ಕಿಂತ ದೊಡ್ಡ ಕಾಗದ ಬೇಡವಾಯಿತು.

ನಡುವೆ ಒಬ್ಬರು ಬಂದು 20,000 ರೂಪಾಯಿ ಕೊಡುತ್ತೇವೆ, ಸ್ಟಾಂಪ್ ಪೇಪರಿನಲ್ಲಿ 'ಇನ್ನು ಏನೂ ಕೇಳುವುದಿಲ್ಲ' ಎಂದು ಸಹಿ ಹಾಕಿ ಅಂದರು. ಅತ್ತಿಗೆ ಒಪ್ಪುವವಳಿದ್ದಳು. ಮನೆಯಲ್ಲಿ ಅಷ್ಟು ಕಷ್ಟ ಇತ್ತು. ಪರಿಹಾರದ ಹಕ್ಕು ಬಿಟ್ಟುಕೊಡುವ ಇಂಥ ಕರಾರು ಕಾಯ್ದೆಯ ಪ್ರಕಾರ ನಿಲ್ಲುವುದಿಲ್ಲ ಎಂದು ನಾನು ಹೇಳಿದೆ. ನಿಮ್ಮಲ್ಲಿ ಯಾರಾದರೂ ಈಗಾಗಲೇ ಸಹಿ ಹಾಕಿದ್ದರೆ, ಎಲ್ಲ ಮುಗಿಯಿತು ಎಂದು ಸುಮ್ನೆ ಕೂರಬೇಡಿ.

ಅಪಘಾತವಾಗಿ ಎರಡು ವರ್ಷದೊಳಗೆ ಕ್ಲೇಮು ಹಾಕಬೇಕು. ನಾವು ಹಾಕಿದ್ದು ಹದಿನೇಳನೇ ತಿಂಗಳಲ್ಲಿ. ಮರುವರ್ಷ ತೀರ್ಮಾನ ಬಂತು. ಡಾಕ್ಟರ್ ಆ ಸಾಲು ಬರೆದ ದಿನದಿಂದ ಮುಂದಿನ ಬಿಲ್ಲುಗಳೆಲ್ಲ ಒಪ್ಪಿಗೆಯಾದವು, ಒಟ್ಟು 11,640 ರೂಪಾಯಿ. ಕೆಲಸಕ್ಕೆ ಹೋಗಲಾಗದ ತಿಂಗಳುಗಳ ಪರಿಹಾರವೂ ಜನವರಿಯಿಂದಲೇ. ಅದರ ಹಿಂದಿನದು ಏನೂ ಸಿಗಲಿಲ್ಲ. ಡಿಸೆಂಬರಿನ ಚೀಟಿಯನ್ನು ಎದುರಿನ ವಕೀಲರು ಎತ್ತಿ ಹಿಡಿದು, ಇದರಲ್ಲಿ ಕೋರೆ ಎಲ್ಲಿದೆ ಎಂದು ಕೇಳಿದರು. ನಮ್ಮ ಬಳಿ ಉತ್ತರ ಇರಲಿಲ್ಲ. ಆರೂವರೆ ತಿಂಗಳು ಒಲೆ ಹೇಗೆ ಉರಿಯಿತು ಎಂದು ಅತ್ತಿಗೆಗೇ ಗೊತ್ತು.

ಅದಕ್ಕೇ ಕೈಮುಗಿದು ಹೇಳುತ್ತೇನೆ. ಮೊದಲ ಸಲ ಡಾಕ್ಟರ ಹತ್ತಿರ ಹೋಗುವಾಗಲೇ ಕೆಲಸದ ಜಾಗದಲ್ಲಿ ಏನಾಯಿತು ಎಂದು ಹೇಳಿ. ಅದನ್ನು ಬರೆಯಲು ಕೇಳಿ. ನಾಚಿಕೆ ಬೇಡ. ಭಾಷೆ ತೊಡಕಾದರೆ ಮಾತು ಬಲ್ಲ ಒಬ್ಬರನ್ನು ಕರೆದುಕೊಂಡು ಹೋಗಿ. ಚೀಟಿ, ಮದ್ದಿನ ಬಿಲ್ಲು ಒಂದೂ ಎಸೆಯಬೇಡಿ.

ನಮ್ಮ ಗಡಿಯವರಿಗೆ ಬೇಕಾದ ಎರಡು ವಿಷಯ ಇದೆ. ಮನೆ ಮಂಜೇಶ್ವರದಲ್ಲಿ, ಕೆಲಸ ಮಂಗಳೂರಿನಲ್ಲಿ. ತಲಪಾಡಿ ದಾಟಿ ದಿನಾ ಹೋಗಿ ಬರುವವರು ಎಷ್ಟೋ ಮಂದಿ. ಅಪಘಾತ ಕರ್ನಾಟಕದಲ್ಲಿ ಆದರೆ ಕೇಸೂ ಅಲ್ಲೇ ಹಾಕಬೇಕು ಎಂದು ತಿಳಿದು ಬಿಟ್ಟುಬಿಡುತ್ತಾರೆ. ಹಾಗಿಲ್ಲ. ನೀವು ವಾಸ ಮಾಡುವ ಕಡೆಯೂ ಹಾಕಬಹುದು. ಇನ್ನೊಂದು, 1969ರ ಕೇರಳ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಇಲ್ಲಿನ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು. ನಾನು ಹಾಗೇ ಬರೆಯುತ್ತೇನೆ.

ಇಎಸ್ಐ, ಅಂದರೆ ನೌಕರರ ರಾಜ್ಯ ವಿಮೆಯ ಕಾರ್ಡು ಇರುವವರಿಗೆ ದಾರಿ ಬೇರೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ ಅಂಗಡಿ, ಫ್ಯಾಕ್ಟರಿ, ಆಸ್ಪತ್ರೆ ನೌಕರರು ಸಾಮಾನ್ಯವಾಗಿ ಇದರಲ್ಲಿ ಇರುತ್ತಾರೆ. ಅವರು ಧಣಿಯಿಂದಲ್ಲ, ಇಎಸ್ಐಯಿಂದ ಕೇಳಬೇಕು. ಕೆಲಸದ ಗಾಯ ಎಂದು ದಾಖಲಾದರೆ ರಜೆಯ ದಿನಗಳಿಗೆ ಸಂಬಳದ ಸುಮಾರು ಶೇಕಡಾ 90 ಸಿಗುತ್ತದೆ, ಚಿಕಿತ್ಸೆಗೆ ಕೈಯಿಂದ ಹಣ ಹಾಕಬೇಕಿಲ್ಲ. ಅಲ್ಲೂ ಮೊದಲ ಕಾಗದವೇ ಮುಖ್ಯ, ಅಪಘಾತದ ವರದಿ.

ವಕೀಲರಿಗೆ ಕೊಡಲು ಹಣ ಇಲ್ಲದವರು ವಿದ್ಯಾನಗರದ ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.

ಪೆನ್ನು ಹತ್ತಿರ ಇದ್ದರೆ ಒಂದು ನಂಬರ್ ಬರೆದುಕೊಳ್ಳಿ. ಒಂದು, ನಾಲ್ಕು, ನಾಲ್ಕು, ಒಂದು, ಆರು. 14416. ಇದು ಟೆಲಿ ಮಾನಸ್. ಮನಸ್ಸಿನ ತೊಂದರೆ ಇರುವವರಿಗಾಗಿ 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. ಕೇಸು, ಕಾಗದ ಎಲ್ಲ ಆಮೇಲೆ ಇರಲಿ. ರಾತ್ರಿ ತಡೆಯಲಾಗದೆ ಇದ್ದರೆ ಮೊದಲು ಇದಕ್ಕೆ ಫೋನ್ ಮಾಡಿ.

ಅಣ್ಣ ಈಗ ಅಡಿಕೆ ತೋಟದ ಕೆಲಸಕ್ಕೆ ಹೋಗುತ್ತಾನೆ. ಕೋರೆಯ ದಾರಿಗೆ ಹೋಗುವುದಿಲ್ಲ, ಹೋಗು ಎಂದು ಯಾರೂ ಹೇಳುವುದೂ ಇಲ್ಲ. ಎರಡು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುತ್ತಾರೆ, ಅತ್ತಿಗೆಯೂ ಜೊತೆಗೆ. ಅವಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೂ ಚೀಟಿ ಕೈಗೆ ಬಂದ ಕೂಡಲೇ ಎದ್ದು ಬರುವುದಿಲ್ಲ. ಡಾಕ್ಟರ ಮುಂದೆ ಹಿಡಿದು, 'ಇದರಲ್ಲಿ ಕೋರೆಯದ್ದು ಬರೆದಿದ್ದೀರಲ್ಲ?' ಎಂದು ಕೇಳಿ, ಅವರು ಬೆರಳಿಟ್ಟು ತೋರಿಸಿದ ಮೇಲೆಯೇ ಮಡಚಿ ಚೀಲಕ್ಕೆ ಹಾಕುತ್ತಾಳೆ.

ನಮಸ್ಕಾರ.