ಯುದ್ಧಭೂಮಿಗೆ ಹೋಗದ ಯುದ್ಧಕಥೆ

ಸ್ನೇಹಿತರೆ,

ಮೊದಲ ಮಹಾಯುದ್ಧ ಎಂದರೆ ಒಪ್ಪಂದಗಳು, ಕಂದಕಗಳು, ಸೇನಾಪತಿಗಳು ಎಂದು ತಿಳಿದಿದ್ದ ನನ್ನನ್ನು ಅಡುಗೆಮನೆಯ ಬಾಗಿಲಿನಿಂದ ಆ ಯುದ್ಧದೊಳಕ್ಕೆ ಕರೆದೊಯ್ದದ್ದು ಒಂದು ಕಾದಂಬರಿ: ಲೇಖಕಿ ಎಲ್. ಎಂ. ಮಾಂಟ್ಗೊಮೆರಿ ಅವರ ‘ರಿಲ್ಲಾ ಆಫ್ ಇಂಗಲ್‌ಸೈಡ್’. ಅದು ಪ್ರಕಟವಾದದ್ದು 1921ರಲ್ಲಿ. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಒಂದು ಹಳ್ಳಿಯನ್ನು ಬಿಟ್ಟು ಕಥೆ ಎಲ್ಲಿಗೂ ಹೋಗುವುದಿಲ್ಲ. ಫಿರಂಗಿಯ ಸದ್ದು ಅಲ್ಲಿಗೆ ಕೇಳಿಸುವುದೂ ಇಲ್ಲ.

ಹದಿನೈದು ತುಂಬದ ರಿಲ್ಲಾ ಮೊದಲ ಬಾರಿಗೆ ನೃತ್ಯಕೂಟಕ್ಕೆ ಹೋದ ರಾತ್ರಿಯೇ ಯುದ್ಧ ಘೋಷಣೆಯ ಸುದ್ದಿ ಬರುತ್ತದೆ. ಮುಂದೆ ಅಣ್ಣಂದಿರು ಒಬ್ಬೊಬ್ಬರಾಗಿ ಹೊರಡುತ್ತಾರೆ. ತಾಯಿ ಸತ್ತು, ತಂದೆ ಯುದ್ಧಕ್ಕೆ ಹೋಗಿ ಅನಾಥವಾದ ಕೂಸೊಂದನ್ನು ಅವಳು ಸೂಪಿನ ಪಿಂಗಾಣಿ ಪಾತ್ರೆಯಲ್ಲಿಟ್ಟುಕೊಂಡು ಮನೆಗೆ ತರುತ್ತಾಳೆ. ಕವಿಮನಸ್ಸಿನ ಅಣ್ಣ ವಾಲ್ಟರ್ ಕೂರ್ಸ್‌ಲೆಟ್‌ನಲ್ಲಿ ಮಡಿಯುತ್ತಾನೆ. ಅಲ್ಲಿಗೆ ಬಂದಾಗ ನಾನು ಪುಸ್ತಕ ಕೆಳಗಿಟ್ಟು ಭೂಪಟ ತೆರೆದೆ. ಕೂರ್ಸ್‌ಲೆಟ್ ನಿಜವಾಗಿಯೂ ಇದೆ: ಸೊಮ್ ಕದನದಲ್ಲಿ, 1916ರ ಸೆಪ್ಟೆಂಬರ್‌ನಲ್ಲಿ, ಕೆನಡಾದ ಪಡೆಗಳು ವಶಪಡಿಸಿಕೊಂಡ ಫ್ರಾನ್ಸಿನ ಹಳ್ಳಿ. ಸುಮಾರು 80 ಲಕ್ಷ ಜನರಿದ್ದ ಕೆನಡಾದಿಂದ ಆರು ಲಕ್ಷಕ್ಕೂ ಹೆಚ್ಚು ಮಂದಿ ಸೇನೆ ಸೇರಿದರು. ಸುಮಾರು 60 ಸಾವಿರ ಮಂದಿ ತೀರಿಕೊಂಡರು. ವಾಲ್ಟರ್‌ನನ್ನು ಬಲ್ಲವರಿಗೆ ಈ ಅಂಕಿಯನ್ನು ಓದಿ ಸುಮ್ಮನೆ ಪುಟ ತಿರುವಲು ಆಗುವುದಿಲ್ಲ.

ಕಾದಂಬರಿಯ ಹೆಂಗಸರು ಹೊತ್ತುಹೊತ್ತಿಗೂ ಕಾಲುಚೀಲ ಹೆಣೆಯುತ್ತಿರುತ್ತಾರೆ. ಬೇಸರ ಕಳೆಯಲು ಇರಬೇಕು ಎಂದು ಓದುಗರಿಗೆ ಅನ್ನಿಸಬಹುದು. ಆದರೆ ಕಂದಕಗಳ ಕೆಸರುನೀರಿನಲ್ಲಿ ದಿನಗಟ್ಟಲೆ ನಿಂತ ಸೈನಿಕರ ಪಾದಗಳು ಮರಗಟ್ಟಿ ಕೊಳೆಯುತ್ತಿದ್ದವು. ಒಣ ಕಾಲುಚೀಲವೇ ಅದಕ್ಕೆ ರಕ್ಷಣೆ. ಹೀಗಾಗಿ ರೆಡ್ ಕ್ರಾಸ್ ಮೂಲಕ ಹೋಗುತ್ತಿದ್ದ ಆ ಗಂಟುಗಳು ಸೇನೆಯ ಅಗತ್ಯವನ್ನೇ ಪೂರೈಸುತ್ತಿದ್ದವು. ಇದನ್ನು ತಿಳಿದ ಮೇಲೆ ಅದೇ ಪುಟಗಳನ್ನು ಮತ್ತೆ ಓದಿ ನೋಡಿ.

ಆದರೆ ನನ್ನ ಆಸಕ್ತಿ ಇಷ್ಟು ವರ್ಷ ಉಳಿಯಲು ಪ್ರೀತಿಯೊಂದೇ ಕಾರಣವಲ್ಲ. ಕಾದಂಬರಿ ಪಕ್ಷಪಾತಿ. ಶಾಂತಿವಾದಿಯೊಬ್ಬನನ್ನು ಅದು ಊರಿನ ನಗೆಪಾಟಲು ಮಾಡುತ್ತದೆ. ಆತನಂಥವರು ನಿಜವಾಗಿ ಏನು ಹೇಳುತ್ತಿದ್ದರು ಎಂದು ಹುಡುಕಲು ಹೊರಟಾಗ 1917ರ ಕಡ್ಡಾಯ ಸೇನಾ ಸೇವೆಯ ಕಾನೂನು ಎದುರಾಯಿತು, ಅದರ ವಿರುದ್ಧ ಫ್ರೆಂಚ್ ಮಾತಾಡುವ ಪ್ರಾಂತ್ಯವಾದ ಕ್ವಿಬೆಕ್‌ನಲ್ಲಿ ಎದ್ದ ಆಕ್ರೋಶ ಎದುರಾಯಿತು. ಅದೇ ವರ್ಷದ ಚುನಾವಣೆಗೆ ಸೈನಿಕರ ತಾಯಿ, ಹೆಂಡತಿ, ಅಕ್ಕತಂಗಿಯರಿಗೆ ಮತದಾನದ ಹಕ್ಕು ಕೊಟ್ಟ ಕಾನೂನೇ, ಶತ್ರುದೇಶಗಳಲ್ಲಿ ಹುಟ್ಟಿ 1902ರ ಮಾರ್ಚ್ ನಂತರ ಕೆನಡಾದ ಪೌರರಾದ ಸಾವಿರಾರು ಜನರಿಂದ ಅದನ್ನು ಕಸಿದುಕೊಂಡಿತು. ಶತ್ರುದೇಶವಾದ ಆಸ್ಟ್ರಿಯಾ-ಹಂಗೇರಿಯ ಪ್ರಜೆಗಳೆಂಬ ಕಾರಣಕ್ಕೆ ಉಕ್ರೇನ್ ಮೂಲದ ಎಷ್ಟೋ ವಲಸಿಗರು ಬಂಧನ ಶಿಬಿರಗಳಲ್ಲಿದ್ದರು. ರಿಲ್ಲಾಳ ಮನೆಯಾದ ಇಂಗಲ್‌ಸೈಡ್‌ನ ಕಿಟಕಿಯಿಂದ ಅವರು ಕಾಣಿಸುವುದಿಲ್ಲ.

ಯುದ್ಧದ ವರ್ಷಗಳಲ್ಲಿ ಮಾಂಟ್ಗೊಮೆರಿ ಇದ್ದದ್ದು ಆ ದ್ವೀಪದಲ್ಲಲ್ಲ, ಒಂಟಾರಿಯೊದ ಲೀಸ್ಕ್‌ಡೇಲ್ ಎಂಬ ಹಳ್ಳಿಯಲ್ಲಿ, ಪಾದ್ರಿಯ ಮಡದಿಯಾಗಿ. ಅವರ ದಿನಚರಿಗಳು ಈಗ ಅಚ್ಚಿನಲ್ಲಿವೆ. ಯುದ್ಧದ ಸುದ್ದಿ ಅವರನ್ನು ದಿನದಿನವೂ ಎಷ್ಟು ಹಿಂಡುತ್ತಿತ್ತು ಎಂಬುದು ಅಲ್ಲಿ ನೇರವಾಗಿ ಸಿಗುತ್ತದೆ. ಕಾದಂಬರಿ ಓದಿದವರು 1914ರ ಆಗಸ್ಟ್‌ನ ಪುಟದಿಂದ ಆ ದಿನಚರಿಯನ್ನು ಹಿಡಿಯಲಿ ಎಂಬುದು ನನ್ನ ಕೋರಿಕೆ.